ನಲವತ್ತೊಂದು ಮತಗಳ ಲೆಕ್ಕ: ವಿಲ್ಲಿ ಬ್ರೌನ್ ಮತ್ತು ಅಮೆರಿಕದ ರಾಜ್ಯ ಶಾಸಕನ ವೃತ್ತಿ

1980ರ ಡಿಸೆಂಬರ್ 1ರಂದು ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ, ರಾಜ್ಯದ ಕೆಳಮನೆಯಾದ ಅಸೆಂಬ್ಲಿಯು ತನ್ನ ಹೊಸ ಸ್ಪೀಕರ್ ಅವರನ್ನು ಆರಿಸಿತು. ಸದನದಲ್ಲಿ ಬಹುಮತವಿದ್ದದ್ದು ಡೆಮಾಕ್ರಟಿಕ್ ಪಕ್ಷಕ್ಕೆ; ಆಯ್ಕೆಯಾದ ವಿಲ್ಲಿ ಬ್ರೌನ್ ಕೂಡ ಡೆಮಾಕ್ರಟ್. ಆದರೆ ಅವರಿಗೆ ಬಿದ್ದ 51 ಮತಗಳಲ್ಲಿ 28 ಎದುರಾಳಿ ರಿಪಬ್ಲಿಕನ್ನರವು, 23 ಮಾತ್ರ ಸ್ವಪಕ್ಷದವು. ಹೀಗೆ ಗದ್ದುಗೆ ಹತ್ತಿದವರು ಸುಮಾರು ಹದಿನೈದು ವರ್ಷ ಅಲ್ಲಿಂದ ಇಳಿಯಲಿಲ್ಲ. ಆ ರಾಜ್ಯದ ಇತಿಹಾಸದಲ್ಲಿ ಅಷ್ಟು ದೀರ್ಘಕಾಲ ಆ ಸ್ಥಾನದಲ್ಲಿದ್ದವರು ಬೇರೆ ಯಾರೂ ಇಲ್ಲ. ಈ ಲೆಕ್ಕ ಹೇಗೆ ಕೂಡಿತು, ಹೇಗೆ ಅಷ್ಟು ಕಾಲ ನಿಂತಿತು, ಕೊನೆಗೆ ಯಾವುದರಿಂದ ಮುರಿಯಿತು ಎಂಬುದು ಅರ್ಥವಾದರೆ ಅಮೆರಿಕದ ರಾಜ್ಯ ಶಾಸಕನ ವೃತ್ತಿಯ ಬಹುಪಾಲು ಅರ್ಥವಾದಂತೆ.

ಅಮೆರಿಕದ 50 ರಾಜ್ಯಗಳಲ್ಲಿ ಒಟ್ಟು 7,386 ರಾಜ್ಯ ಶಾಸಕರಿದ್ದಾರೆ. ನೆಬ್ರಾಸ್ಕಾ ಒಂದರಲ್ಲಿ ಮಾತ್ರ ಏಕಸದನ. ಉಳಿದೆಡೆಯೆಲ್ಲ ಎರಡೆರಡು ಸದನಗಳು. ಹೆಸರು ಒಂದೇ ಆದರೂ ಕೆಲಸ ಒಂದೇ ಅಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಕೆಳಮನೆಯಲ್ಲಿ 400 ಸದಸ್ಯರಿದ್ದು, ಎರಡು ವರ್ಷದ ಇಡೀ ಅವಧಿಗೆ ಅವರಿಗೆ ಸಿಗುವ ಸಂಬಳ 200 ಡಾಲರ್. ಹೀಗಾಗಿ ಅಲ್ಲಿ ಶಾಸಕತನ ನಿವೃತ್ತರೂ ಸ್ವಂತ ಉದ್ಯೋಗವಿರುವವರೂ ಬಿಡುವಿನಲ್ಲಿ ಮಾಡುವ ಸೇವೆ. ಟೆಕ್ಸಾಸ್‌ನ ಶಾಸನಸಭೆ ಎರಡು ವರ್ಷಕ್ಕೊಮ್ಮೆ, ಗರಿಷ್ಠ 140 ದಿನಗಳ ಅಧಿವೇಶನಕ್ಕೆ ಸೇರುತ್ತದೆ. ಕ್ಯಾಲಿಫೋರ್ನಿಯಾ ಇದಕ್ಕೆ ತದ್ವಿರುದ್ಧ. ಅಲ್ಲಿನ ಅಸೆಂಬ್ಲಿಗೆ 80, ಸೆನೆಟ್‌ಗೆ 40 ಸದಸ್ಯರು ಮಾತ್ರ. ಒಬ್ಬೊಬ್ಬ ಅಸೆಂಬ್ಲಿ ಸದಸ್ಯ ಇಂದು ಹತ್ತಿರ ಹತ್ತಿರ ಐದು ಲಕ್ಷ ಜನರನ್ನು ಪ್ರತಿನಿಧಿಸುತ್ತಾನೆ, ಒಬ್ಬ ರಾಜ್ಯ ಸೆನೆಟರ್‌ನ ಕ್ಷೇತ್ರವಂತೂ ವಾಷಿಂಗ್ಟನ್ನಿನ ಕಾಂಗ್ರೆಸ್ ಸದಸ್ಯನ ಕ್ಷೇತ್ರಕ್ಕಿಂತ ದೊಡ್ಡದು. ಅಲ್ಲಿ ಶಾಸಕನಾಗಿರುವುದು ಪೂರ್ಣಾವಧಿಯ ಉದ್ಯೋಗ.

ಭಾರತದ ವಿಧಾನಸಭೆಗಳನ್ನು ನೋಡಿ ಅಭ್ಯಾಸವಾದವರಿಗೆ ಇಲ್ಲಿ ಎರಡು ವ್ಯತ್ಯಾಸಗಳನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನದೆಲ್ಲ ಅವುಗಳ ಮೇಲೆ ನಿಂತಿದೆ. ಗವರ್ನರ್ ಅಲ್ಲಿ ಜನರಿಂದ ನೇರವಾಗಿ, ಪ್ರತ್ಯೇಕವಾಗಿ ಆಯ್ಕೆಯಾಗುವ ಕಾರ್ಯಾಂಗದ ಮುಖ್ಯಸ್ಥ. ಶಾಸಕರು ಮಂತ್ರಿಗಳಾಗುವುದಿಲ್ಲ, ಮಸೂದೆಯೊಂದು ಬಿದ್ದರೆ ಸರ್ಕಾರ ಬೀಳುವುದಿಲ್ಲ. ಆದ್ದರಿಂದ ಸರ್ಕಾರವನ್ನು ಉಳಿಸಲೆಂದು ಪಕ್ಷದ ವಿಪ್‌ಗೆ ತಲೆಬಾಗಬೇಕಾದ ಅಗತ್ಯ ಯಾವ ಸದಸ್ಯನಿಗೂ ಇಲ್ಲ, ಪಕ್ಷಾಂತರ ಮಾಡಿದವನ ಸದಸ್ಯತ್ವವನ್ನು ರದ್ದುಪಡಿಸುವ ಕಾನೂನೂ ಇಲ್ಲ. ಎರಡನೆಯದು, ಟಿಕೆಟ್ ಕೊಡುವ ಹೈಕಮಾಂಡ್ ಇಲ್ಲ. ಅಭ್ಯರ್ಥಿ ಯಾರಾಗಬೇಕೆಂಬುದನ್ನು ಪ್ರಾಥಮಿಕ ಚುನಾವಣೆಯಲ್ಲಿ ಮತದಾರರೇ ತೀರ್ಮಾನಿಸುತ್ತಾರೆ; ಸ್ಪರ್ಧಿಸುವವನು ತನ್ನ ಹಣ, ತನ್ನ ಕಾರ್ಯಕರ್ತರು, ತನ್ನ ಹೆಸರನ್ನು ತಾನೇ ಕೂಡಿಸಿಕೊಳ್ಳಬೇಕು. ಹೀಗೆ ಗೆದ್ದು ಬಂದ ಎಂಬತ್ತು ಮಂದಿ ಎಂದರೆ ಎಂಬತ್ತು ಸ್ವತಂತ್ರ ವ್ಯಾಪಾರಿಗಳಿದ್ದಂತೆ. ಅವರಲ್ಲಿ ನಲವತ್ತೊಂದು ಮಂದಿಯನ್ನು ಒಂದೇ ಕಡೆ ನಿಲ್ಲಿಸಬಲ್ಲವನ ಕೈಗೆ ಸದನ ಸಿಗುತ್ತದೆ.

ಬ್ರೌನ್ ಹುಟ್ಟಿದ್ದು 1934ರಲ್ಲಿ, ಟೆಕ್ಸಾಸ್‌ನ ಮಿನಿಯೋಲಾ ಎಂಬ ಸಣ್ಣ ಊರಿನಲ್ಲಿ. ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಬಾಗಿಲು ಎಂಬ ವರ್ಣಭೇದದ ಕಾಲ ಅದು. ತಾಯಿ ಡಲ್ಲಾಸ್‌ನಲ್ಲಿ ಮನೆಗೆಲಸ ಮಾಡುತ್ತಿದ್ದರು. ಹುಡುಗ ಬೆಳೆದದ್ದು ಅಜ್ಜಿಯ ಆಸರೆಯಲ್ಲಿ. 1951ರಲ್ಲಿ, ಹದಿನೇಳನೆಯ ವಯಸ್ಸಿಗೆ, ಸೋದರಮಾವನಿದ್ದ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು, ಕಸ ಗುಡಿಸುವ ಕೆಲಸದಿಂದ ಹಿಡಿದು ಸಿಕ್ಕ ಕೆಲಸ ಮಾಡಿಕೊಂಡು ಓದಿ, 1958ರಲ್ಲಿ ಹೇಸ್ಟಿಂಗ್ಸ್ ಕಾನೂನು ಕಾಲೇಜಿನಿಂದ ವಕೀಲರಾಗಿ ಹೊರಬಂದರು. ದೊಡ್ಡ ವಕೀಲಿ ಸಂಸ್ಥೆಗಳು ಕಪ್ಪು ಯುವಕರಿಗೆ ಬಾಗಿಲು ತೆರೆಯದಿದ್ದ ಆ ದಿನಗಳಲ್ಲಿ ಅವರ ಕಕ್ಷಿದಾರರಲ್ಲಿ ಹೆಚ್ಚಿನವರು ಸಣ್ಣಪುಟ್ಟ ಅಪರಾಧಗಳಲ್ಲಿ ಸಿಕ್ಕಿಬಿದ್ದ ಬಡವರು. 1961ರಲ್ಲಿ ನಗರದ ಫಾರೆಸ್ಟ್ ನೋಲ್ಸ್ ಬಡಾವಣೆಯಲ್ಲಿ ಹೊಸ ಮನೆ ನೋಡಲು ಹೆಂಡತಿಯೊಡನೆ ಹೋದಾಗ, ಮನೆ ತೋರಿಸಬೇಕಾದವರು ಇವರನ್ನು ಕಂಡು ಜಾಗ ಖಾಲಿ ಮಾಡಿದರು. ಬ್ರೌನ್ ಅಲ್ಲೇ ಧರಣಿ ಕೂತರು, ಸುದ್ದಿಯಾದರು. ಮರುವರ್ಷವೇ ಅಸೆಂಬ್ಲಿಗೆ ಸ್ಪರ್ಧಿಸಿದರು. ಸ್ವಪಕ್ಷದ ಹಾಲಿ ಸದಸ್ಯ ಎಡ್ವರ್ಡ್ ಗ್ಯಾಫ್ನಿ ಅವರ ಎದುರು ಪ್ರಾಥಮಿಕ ಚುನಾವಣೆಯಲ್ಲಿ ಅಲ್ಪ ಅಂತರದಿಂದ ಸೋತರು. 1964ರಲ್ಲಿ ಅದೇ ಗ್ಯಾಫ್ನಿಯವರನ್ನು ಸೋಲಿಸಿ 1965ರ ಜನವರಿಯಲ್ಲಿ ಸ್ಯಾಕ್ರಮೆಂಟೊ ತಲುಪಿದರು.

ಅವರು ಬಂದ ಕಾಲ ಒಳ್ಳೆಯದಿತ್ತು. ಆಗ ಸ್ಪೀಕರ್ ಆಗಿದ್ದವರು ಜೆಸ್ಸಿ ಅನ್ರು. ಹಣವೆಂಬುದು ರಾಜಕೀಯದ ತಾಯಿಹಾಲು ಎಂಬ ಅವರ ಮಾತು ಇಂದಿಗೂ ಅಮೆರಿಕದಲ್ಲಿ ಓಡಾಡುತ್ತಿದೆ. ಶಾಸಕರಿಗೆ ಸಂಬಳ, ಸಿಬ್ಬಂದಿ, ತಜ್ಞರ ನೆರವು ಇಲ್ಲದಿದ್ದರೆ ಅವರು ಲಾಬಿಗಾರರು ಕೊಟ್ಟ ಮಾಹಿತಿಯನ್ನೇ ನಂಬಿ ಕೂರಬೇಕಾಗುತ್ತದೆ ಎಂಬುದು ಅನ್ರು ಅವರ ವಾದವಾಗಿತ್ತು. 1966ರಲ್ಲಿ ಮತದಾರರು ಒಪ್ಪಿದ ಪ್ರಸ್ತಾವ 1-ಎ ಶಾಸನಸಭೆಯನ್ನು ಪೂರ್ಣಾವಧಿಯದಾಗಿಸಿತು. ವರ್ಷಕ್ಕೆ 6,000 ಡಾಲರ್ ಇದ್ದ ಸಂಬಳ 16,000 ಡಾಲರಿಗೆ ಏರಿತು. ಶಾಸಕತನವನ್ನೇ ವೃತ್ತಿಯಾಗಿ ಹಿಡಿದು ಬದುಕಬಹುದು ಎಂಬ ಪರಿಸ್ಥಿತಿ ಅಲ್ಲಿ ನಿರ್ಮಾಣವಾದದ್ದು ಹೀಗೆ. ಬ್ರೌನ್ ಅದರ ಮೊದಲ ಪೀಳಿಗೆಯವರು.

ಈ ವೃತ್ತಿಯಲ್ಲಿ ಮೇಲೇರುವ ಮೆಟ್ಟಿಲು ಸಮಿತಿ. ಮಸೂದೆಯನ್ನು ಯಾವ ಸದಸ್ಯನಾದರೂ ಮಂಡಿಸಬಹುದು. ಪ್ರತಿ ಅಧಿವೇಶನದಲ್ಲೂ ಸಾವಿರಾರು ಮಸೂದೆಗಳು ಬರುತ್ತವೆ. ಅವುಗಳಲ್ಲಿ ಯಾವುದು ಬದುಕಬೇಕು, ಯಾವುದು ಸದ್ದಿಲ್ಲದೆ ಸಾಯಬೇಕು ಎಂಬುದು ತೀರ್ಮಾನವಾಗುವುದು ಸಮಿತಿಯಲ್ಲಿ. ಅದರಲ್ಲೂ ರಾಜ್ಯದ ಖರ್ಚುವೆಚ್ಚವನ್ನೆಲ್ಲ ಪರಿಶೀಲಿಸುವ ಹಣಕಾಸು ಸಮಿತಿಯ ಅಧ್ಯಕ್ಷನಿಗೆ ಸದನದ ಪ್ರತಿಯೊಬ್ಬನ ಬೇಡಿಕೆಯೂ ಗೊತ್ತಿರುತ್ತದೆ: ಯಾರ ಕ್ಷೇತ್ರಕ್ಕೆ ಏನು ಬೇಕು, ಯಾರು ಯಾವುದಕ್ಕೆ ಮಣಿಯುತ್ತಾರೆ, ಯಾರ ಮಾತನ್ನು ನಂಬಬಹುದು. 1970ರ ದಶಕದ ಆರಂಭದಲ್ಲಿ, ಸ್ಪೀಕರ್ ಬಾಬ್ ಮೊರೆಟಿ ಅವರ ಕಾಲದಲ್ಲಿ, ಬ್ರೌನ್ ಈ ಸಮಿತಿಯ ಅಧ್ಯಕ್ಷರಾದರು. ಮುಂದೆ ಅವರು ನಡೆಸಿದ ಆಟದ ಪಾಠಶಾಲೆ ಇದೇ ಎಂದು ನನಗೆ ತೋರುತ್ತದೆ.

ಮಸೂದೆಯೊಂದನ್ನು ದಡ ಸೇರಿಸುವುದು ಎಂಥ ದೀರ್ಘ ಕೆಲಸ ಎಂಬುದಕ್ಕೆ 1975ರ ಒಂದು ಶಾಸನ ಉದಾಹರಣೆ. ವಯಸ್ಕರ ನಡುವೆ ಪರಸ್ಪರ ಒಪ್ಪಿಗೆಯಿಂದ, ಖಾಸಗಿಯಾಗಿ ನಡೆಯುವ ಲೈಂಗಿಕ ಸಂಬಂಧವನ್ನು, ಸಲಿಂಗ ಸಂಬಂಧವೂ ಸೇರಿದಂತೆ, ಅಪರಾಧಗಳ ಪಟ್ಟಿಯಿಂದ ತೆಗೆಯಬೇಕೆಂದು ಬ್ರೌನ್ 1969ರಿಂದಲೂ ಮಸೂದೆ ತರುತ್ತಿದ್ದರು. ಪ್ರತಿ ಸಲವೂ ಅದು ಬೀಳುತ್ತಿತ್ತು. 1975ರಲ್ಲಿ ಅಸೆಂಬ್ಲಿ ದಾಟಿ ಸೆನೆಟ್‌ಗೆ ಹೋದಾಗ ಅಲ್ಲಿ ಮತಗಳು 20–20 ಎಂದು ಸಮನಾದವು. ಸಮಬಲವನ್ನು ಮುರಿಯುವ ಅಧಿಕಾರವಿದ್ದ ಲೆಫ್ಟಿನೆಂಟ್ ಗವರ್ನರ್ ಮರ್ವಿನ್ ಡಿಮಾಲಿ ಆಗ ಡೆನ್ವರ್‌ನಲ್ಲಿದ್ದರು. ಯಾವ ಸದಸ್ಯನೂ ಜಾಗ ಬಿಟ್ಟು ಕದಲದಂತೆ ಬಹುಮತ ಪಕ್ಷದ ನಾಯಕ ಜಾರ್ಜ್ ಮೊಸ್ಕೋನಿ ಸೆನೆಟ್‌ನ ಬಾಗಿಲುಗಳಿಗೆ ಬೀಗ ಹಾಕಿಸಿದರು. ಡಿಮಾಲಿ ವಿಮಾನದಲ್ಲಿ ಹಾರಿಬಂದು ನಿರ್ಣಾಯಕ ಮತ ಚಲಾಯಿಸಿದರು. ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಮೇಲೆ 1976ರ ಜನವರಿಯಿಂದ ಕಾನೂನು ಜಾರಿಗೆ ಬಂತು. (ಗವರ್ನರ್‌ಗೂ ನಮ್ಮ ಬ್ರೌನ್‌ಗೂ ಹೆಸರಿನ ಹೊರತು ನಂಟಿಲ್ಲ.)

ಇದಕ್ಕೂ ಮುಂಚೆ, 1974ರಲ್ಲಿ, ಬ್ರೌನ್ ತಮ್ಮ ವೃತ್ತಿಯ ಅತಿ ದೊಡ್ಡ ಪೆಟ್ಟನ್ನು ತಿಂದಿದ್ದರು. ಮೊರೆಟಿ ಗವರ್ನರ್ ಹುದ್ದೆಗೆ ಸ್ಪರ್ಧಿಸಲು ಹೊರಟಾಗ ಸ್ಪೀಕರ್ ಸ್ಥಾನ ತಮಗೇ ಎಂದು ಅವರು ನಂಬಿದ್ದರು. ಆದರೆ ಸ್ಯಾನ್ ಫ್ರಾನ್ಸಿಸ್ಕೊದವರೇ ಆದ ಲಿಯೋ ಮೆಕಾರ್ಥಿ ಒಬ್ಬೊಬ್ಬ ಸದಸ್ಯನನ್ನೂ ಪ್ರತ್ಯೇಕವಾಗಿ ಕಂಡು, ಬೇಕಾದ ಸಮಿತಿಗಳ ಮಾತುಕೊಟ್ಟು, ಬ್ರೌನ್ ತಮ್ಮವರೆಂದು ಎಣಿಸಿಕೊಂಡಿದ್ದ ಕಪ್ಪು ಮತ್ತು ಲ್ಯಾಟಿನೋ ಸದಸ್ಯರಲ್ಲಿ ಕೆಲವರನ್ನೂ ಸೆಳೆದುಕೊಂಡಿದ್ದರು. ವೇದಿಕೆಯಲ್ಲಿ ಬ್ರೌನ್‌ಗೆ ಸರಿಸಾಟಿಯಾದ ಮಾತುಗಾರ ಕ್ಯಾಲಿಫೋರ್ನಿಯಾದಲ್ಲಿ ಇರಲಿಲ್ಲ. 1972ರ ಡೆಮಾಕ್ರಟಿಕ್ ರಾಷ್ಟ್ರೀಯ ಸಮಾವೇಶದಲ್ಲಿ ಅವರ ಭಾಷಣವನ್ನು ದೇಶವೇ ಕೇಳಿತ್ತು. ಆದರೆ ಸ್ಪೀಕರ್ ಚುನಾವಣೆಯಲ್ಲಿ ಭಾಷಣಕ್ಕೆ ಬೆಲೆಯಿಲ್ಲ. ಸೋತ ಬ್ರೌನ್ ಅಧಿಕಾರವನ್ನೆಲ್ಲ ಕಳೆದುಕೊಂಡು ಕೆಲಕಾಲ ಮೂಲೆ ಸೇರಿದರು. ಮತ್ತೆ ನಿಧಾನವಾಗಿ ಮೆಕಾರ್ಥಿಯವರ ವಿಶ್ವಾಸ ಗಳಿಸಿ ಹೊಣೆಯ ಸ್ಥಾನಗಳಿಗೆ ಮರಳಿದರು.

ಅವಕಾಶ ಮತ್ತೆ ಬಂದದ್ದು ಇತರರ ಜಗಳದಿಂದ. ಮೆಕಾರ್ಥಿಯವರನ್ನು ಕೆಳಗಿಳಿಸಲು ಅವರದೇ ಬಣದ ಹೊವರ್ಡ್ ಬರ್ಮನ್ ಹೊರಟರು. 1980ರ ಇಡೀ ವರ್ಷ ಡೆಮಾಕ್ರಟರು ಪರಸ್ಪರರ ಬೆಂಬಲಿಗರನ್ನು ಸೋಲಿಸುವುದರಲ್ಲಿ ಕಳೆದರು. ಚುನಾವಣೆ ಮುಗಿದಾಗ ಮೆಕಾರ್ಥಿ ಗೆಲ್ಲುವಂತಿರಲಿಲ್ಲ, ಬರ್ಮನ್ ಗೆಲ್ಲುವುದನ್ನು ಮೆಕಾರ್ಥಿ ಬಣ ಸಹಿಸುವಂತಿರಲಿಲ್ಲ. ರಿಪಬ್ಲಿಕನ್ನರಿಗೂ ಬರ್ಮನ್ ಬೇಡವಾಗಿದ್ದರು. ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ನಡೆಯುವ ಕ್ಷೇತ್ರ ಮರುವಿಂಗಡಣೆ 1981ರಲ್ಲಿ ಬರಲಿತ್ತು. ಆಗ ಆ ನಕ್ಷೆಯನ್ನು ಬರೆಯುತ್ತಿದ್ದದ್ದು ಶಾಸನಸಭೆಯೇ. ಸಂಘಟಿತ ಬಣವೊಂದರ ಒಡೆಯ ಸ್ಪೀಕರ್ ಆದರೆ ತಮ್ಮ ಕ್ಷೇತ್ರಗಳ ಗತಿಯೇನು ಎಂಬ ಭಯ ಅವರಿಗಿತ್ತು. ಬ್ರೌನ್ ರಿಪಬ್ಲಿಕನ್ ನಾಯಕಿ ಕ್ಯಾರಲ್ ಹ್ಯಾಲೆಟ್ ಅವರೊಡನೆ ಮಾತುಕತೆಗೆ ಕೂತು, ಸಮಿತಿಗಳಲ್ಲಿ, ಸಿಬ್ಬಂದಿಯಲ್ಲಿ ಅಲ್ಪಸಂಖ್ಯಾತ ಪಕ್ಷಕ್ಕೂ ನ್ಯಾಯವಾದ ಪಾಲಿನ ಮಾತುಕೊಟ್ಟರು. ಮೊದಲು ಹೇಳಿದ 28 ಮತಗಳ ಹಿಂದಿದ್ದ ಕಾರಣ ಇದು. ಅದರಿಂದ ರಿಪಬ್ಲಿಕನ್ನರಿಗೆ ನಕ್ಷೆಯಲ್ಲಿ ಲಾಭವಾಯಿತೆಂದಲ್ಲ. 1981ರ ನಕ್ಷೆಗಳು ಡೆಮಾಕ್ರಟರಿಗೇ ಅನುಕೂಲವಾಗಿದ್ದವು. ಮರುವರ್ಷ ಮತದಾರರು ಜನಮತಗಣನೆಯಲ್ಲಿ ಅವನ್ನು ತಿರಸ್ಕರಿಸುವಷ್ಟು ದೂರ ಆ ಸಿಟ್ಟು ಹೋಯಿತು.

ಕ್ಯಾಲಿಫೋರ್ನಿಯಾದ ಸ್ಪೀಕರ್ ನಿಷ್ಪಕ್ಷಪಾತಿಯಾಗಿ ಕಲಾಪ ನಡೆಸುವ ಅಧ್ಯಕ್ಷನಲ್ಲ. ಬಹುಮತದ ನಾಯಕನೇ ಅವನು. ಸಮಿತಿಗಳ ಅಧ್ಯಕ್ಷರನ್ನೂ ಸದಸ್ಯರನ್ನೂ ಹೆಚ್ಚುಕಡಿಮೆ ಅವನೇ ನೇಮಿಸುತ್ತಾನೆ, ಬೇಡವಾದಾಗ ತೆಗೆಯುತ್ತಾನೆ. ಯಾರಿಗೆ ದೊಡ್ಡ ಕಚೇರಿ, ಯಾರಿಗೆ ಕಿರಿದಾದ ಕೋಣೆ, ಯಾರಿಗೆ ಎಷ್ಟು ಸಿಬ್ಬಂದಿ ಎಂಬುದೂ ಅವನ ಕೈಯಲ್ಲೇ. ಇದಕ್ಕೆ ಹಣವೂ ಸೇರಿದಾಗ ಬಲ ಪೂರ್ಣವಾಗುತ್ತದೆ. ಸ್ಪೀಕರ್‌ನ ಕೃಪೆ ಬಯಸುವ ಉದ್ಯಮಗಳು, ಸಂಘಗಳು, ವೃತ್ತಿಪರರು ಅವನ ಚುನಾವಣಾ ನಿಧಿಗೆ ದೇಣಿಗೆ ಕೊಡುತ್ತಾರೆ. ತನ್ನ ಸ್ವಂತ ಕ್ಷೇತ್ರ ಸುರಕ್ಷಿತವಾಗಿದ್ದುದರಿಂದ ಬ್ರೌನ್ ಆ ಹಣವನ್ನು ಕಷ್ಟದಲ್ಲಿದ್ದ ಸಹೋದ್ಯೋಗಿಗಳಿಗೆ ಹಂಚಿದರು. ಹಾಗೆ ಗೆದ್ದು ಬಂದವರು ಅವರಿಗೆ ಋಣಿಯಾಗಿದ್ದರು. ಇನ್ನೊಂದು ಸಂಗತಿಯನ್ನು ಅವರ ವಿರೋಧಿಗಳೂ ಒಪ್ಪುತ್ತಿದ್ದರು: ಕೊಟ್ಟ ಮಾತಿಗೆ ಅವರು ತಪ್ಪುತ್ತಿರಲಿಲ್ಲ, ಪಕ್ಷಕ್ಕೆ ಅಪ್ರಿಯವಾದ ನಿರ್ಧಾರಗಳ ನಿಂದೆಯನ್ನು ತಾವೇ ಹೊತ್ತು ಸದಸ್ಯರನ್ನು ಕಾಯುತ್ತಿದ್ದರು. ತಮ್ಮನ್ನು ತಾವೇ ‘ಅಸೆಂಬ್ಲಿಯ ಅಯಾತೊಲ್ಲಾ’ ಎಂದು ಕರೆದುಕೊಂಡು ನಕ್ಕವರು ಅವರು.

ಆ ಅಧಿಕಾರ ಏನು ಮಾಡಿತು ಎಂಬುದರಲ್ಲಿ ಎರಡೂ ಬಗೆಯ ಫಲಗಳಿವೆ. ಕಾರಿನಲ್ಲಿ ಸೀಟ್ ಬೆಲ್ಟ್ ಕಡ್ಡಾಯ ಮಾಡಿದ 1985ರ ಕಾನೂನು ಬ್ರೌನ್ ಮಂಡಿಸಿದ್ದು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದಲ್ಲಿ ವ್ಯವಹಾರ ಮಾಡುವ ಕಂಪನಿಗಳಿಂದ ರಾಜ್ಯದ ಪಿಂಚಣಿ ನಿಧಿಗಳನ್ನು ಹಿಂತೆಗೆಯುವ, ಮ್ಯಾಕ್ಸಿನ್ ವಾಟರ್ಸ್ ಅವರ ಮಸೂದೆ 1986ರಲ್ಲಿ ಕಾನೂನಾದಾಗ ಬೆನ್ನಿಗೆ ನಿಂತದ್ದು ಇದೇ ಸ್ಪೀಕರ್. ಇನ್ನೊಂದು ಬದಿಗೆ 1987ರ ಸೆಪ್ಟೆಂಬರ್‌ನ ಘಟನೆಯಿದೆ. ಅಪಘಾತ, ದೋಷಯುಕ್ತ ವಸ್ತು ಮುಂತಾದವುಗಳಿಗೆ ಪರಿಹಾರ ಕೇಳುವ ಮೊಕದ್ದಮೆಗಳ ಬಗ್ಗೆ ವಕೀಲರು, ವೈದ್ಯರು, ವಿಮಾ ಕಂಪನಿಗಳು, ಉತ್ಪಾದಕರು ವರ್ಷಗಟ್ಟಲೆ ಕಾದಾಡುತ್ತಿದ್ದರು. ಶಾಸನಸಭೆಯ ಸಮೀಪದ ಫ್ರ್ಯಾಂಕ್ ಫ್ಯಾಟ್ಸ್ ಎಂಬ ಚೀನೀ ಹೋಟೆಲಿನಲ್ಲಿ ಅವರ ಪ್ರತಿನಿಧಿಗಳು ಕೂತು ಒಪ್ಪಂದಕ್ಕೆ ಬಂದರು. ಅದರ ಅಂಶಗಳನ್ನು ಸೆನೆಟರ್ ಬಿಲ್ ಲಾಕಿಯರ್ ಬಟ್ಟೆಯ ಕರವಸ್ತ್ರದ ಮೇಲೆ ಬರೆದರು. ಬ್ರೌನ್ ಅದನ್ನು ಅಧಿವೇಶನದ ಕೊನೆಯ ಗಳಿಗೆಯಲ್ಲಿ ಅಸೆಂಬ್ಲಿಯಲ್ಲಿ ದಾಟಿಸಿದರು. ಆ ಒಪ್ಪಂದದ ಭಾಗವಾಗಿ ತಂಬಾಕು ಕಂಪನಿಗಳಿಗೆ ಮೊಕದ್ದಮೆಗಳಿಂದ ಸಿಕ್ಕ ರಕ್ಷಣೆಯನ್ನು ತೆಗೆದುಹಾಕಲು ರಾಜ್ಯಕ್ಕೆ ಹತ್ತು ವರ್ಷ ಹಿಡಿಯಿತು. ಕಾದಾಡುವ ಬಣಗಳನ್ನು ಒಂದೇ ಮೇಜಿಗೆ ತರುವ ಸಾಮರ್ಥ್ಯ ಮೆಚ್ಚತಕ್ಕದ್ದೇ. ಆದರೆ ಆ ಮೇಜಿನ ಸುತ್ತ ಗಾಯಗೊಂಡ ಗ್ರಾಹಕನಾಗಲಿ ಧೂಮಪಾನಿಯ ಕುಟುಂಬವಾಗಲಿ ಇರಲಿಲ್ಲ.

ಸ್ವಪಕ್ಷದಲ್ಲೂ ಬಂಡಾಯಗಳಾದವು. 1988ರಲ್ಲಿ ‘ಐವರ ಗುಂಪು’ ಎಂದೇ ಹೆಸರಾದ ಐದು ಡೆಮಾಕ್ರಟ್ ಶಾಸಕರು ತಿರುಗಿಬಿದ್ದಾಗ ಬ್ರೌನ್ ಆ ಐವರ ಸಮಿತಿ ಸ್ಥಾನಗಳನ್ನು ಕಿತ್ತುಕೊಂಡರು. ಗುಂಪು ರಿಪಬ್ಲಿಕನ್ನರ ಜೊತೆಗೂಡಿ ಅವರನ್ನು ಇಳಿಸಲು ಯತ್ನಿಸಿ ವಿಫಲವಾಯಿತು. ಅದೇ ವರ್ಷ ಎಫ್‌ಬಿಐ, ಸಿಗಡಿ ಸಂಸ್ಕರಣೆಯ ನಕಲಿ ಕಂಪನಿಯೊಂದನ್ನು ಹೂಡಿ ಶಾಸಕರ ಲಂಚಗುಳಿತನವನ್ನು ಬಯಲಿಗೆಳೆಯಿತು. ಎರಡೂ ಪಕ್ಷಗಳ ಹಲವರಿಗೆ ಶಿಕ್ಷೆಯಾಯಿತು. ಬ್ರೌನ್ ಮೇಲೆ ಆರೋಪ ದಾಖಲಾಗಲಿಲ್ಲ. ಆದರೆ ಶಾಸಕರಾಗಿದ್ದುಕೊಂಡೇ ಅವರು ವಕೀಲಿ ನಡೆಸುತ್ತಿದ್ದದ್ದು, ಅದೂ ರಾಜ್ಯದೊಂದಿಗೆ ವ್ಯವಹಾರವಿದ್ದವರ ಪರವಾಗಿ ನಡೆಸುತ್ತಿದ್ದದ್ದು, ಕಾನೂನುಬದ್ಧವಾಗಿದ್ದರೂ ಜನರ ಕಣ್ಣಿಗೆ ಹಿತವಾಗಿರಲಿಲ್ಲ.

ಸದನದೊಳಗೆ ಸೋಲಿಸಲಾಗದವರನ್ನು ಸದನದ ಹೊರಗಿನಿಂದ ಕೆಳಗಿಳಿಸುವ ಸಾಧನ ಆ ರಾಜ್ಯದಲ್ಲಿತ್ತು. 1911ರಲ್ಲಿ ಗವರ್ನರ್ ಹೈರಮ್ ಜಾನ್ಸನ್ ಅವರ ಕಾಲದಲ್ಲಿ ಕ್ಯಾಲಿಫೋರ್ನಿಯಾ ಮತದಾರರಿಗೆ ಮೂರು ಅಧಿಕಾರಗಳನ್ನು ಕೊಟ್ಟಿತ್ತು: ಸಹಿ ಸಂಗ್ರಹಿಸಿ ಕಾನೂನನ್ನು ನೇರವಾಗಿ ಮತಕ್ಕೆ ಹಾಕುವುದು, ಶಾಸನಸಭೆ ಮಾಡಿದ ಕಾನೂನನ್ನು ತಿರಸ್ಕರಿಸುವುದು, ಆಯ್ಕೆಯಾದವನನ್ನು ನಡುವೆಯೇ ಹಿಂದಕ್ಕೆ ಕರೆಸಿಕೊಳ್ಳುವುದು. 1990ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಪೀಟ್ ಶಾಬರಮ್ ಮುಂದೆ ತಂದ ಪ್ರಸ್ತಾವ 140 ಮೊದಲನೆಯ ಅಧಿಕಾರದ ಬಳಕೆ. ಅಸೆಂಬ್ಲಿಯಲ್ಲಿ ಜೀವಮಾನಕ್ಕೆ ಆರು ವರ್ಷ, ಸೆನೆಟ್‌ನಲ್ಲಿ ಎಂಟು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಶಾಸನಸಭೆಯ ವೆಚ್ಚಕ್ಕೂ ಸಿಬ್ಬಂದಿಗೂ ಕತ್ತರಿ. ಸುಮಾರು ಶೇ 52ರಷ್ಟು ಮತಗಳಿಂದ ಅದು ಗೆದ್ದಿತು, ಮರುವರ್ಷ ರಾಜ್ಯದ ಸುಪ್ರೀಂ ಕೋರ್ಟ್ ಅದರ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. ಹೆಸರೆತ್ತದಿದ್ದರೂ ಗುರಿ ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. 1966ರಲ್ಲಿ ಮತದಾರರೇ ಕಟ್ಟಿದ ವೃತ್ತಿಯನ್ನು ಮತದಾರರೇ ಇಪ್ಪತ್ತನಾಲ್ಕು ವರ್ಷಗಳ ನಂತರ ಮೊಟಕುಗೊಳಿಸಿದಂತಾಯಿತು.

ಗಡಿಯಾರ ಓಡುತ್ತಿದ್ದಾಗಲೇ ಬ್ರೌನ್ ಅವರ ಕೊನೆಯ ಲೆಕ್ಕ ನಡೆಯಿತು. 1994ರ ಚುನಾವಣೆಯಲ್ಲಿ ರಿಪಬ್ಲಿಕನ್ನರು 41, ಡೆಮಾಕ್ರಟರು 39 ಸ್ಥಾನ ಗೆದ್ದರು. ಬ್ರೌನ್ ಯುಗ ಮುಗಿಯಿತೆಂದು ಎಲ್ಲರೂ ಬಗೆದಿದ್ದಾಗ, ಡಿಸೆಂಬರ್‌ನಲ್ಲಿ ಪಾಲ್ ಹಾರ್ಚರ್ ಎಂಬ ಸದಸ್ಯ ರಿಪಬ್ಲಿಕನ್ ಪಕ್ಷ ತೊರೆದು ಬ್ರೌನ್‌ಗೆ ಮತ ಹಾಕಿದರು, 40–40. ಇನ್ನೊಬ್ಬ ರಿಪಬ್ಲಿಕನ್ ರಿಚರ್ಡ್ ಮೌಂಟ್‌ಜಾಯ್ ಅದೇ ಚುನಾವಣೆಯಲ್ಲಿ ಸೆನೆಟ್‌ಗೂ ಆಯ್ಕೆಯಾಗಿದ್ದರೂ ಸ್ಪೀಕರ್ ಚುನಾವಣೆಗೆಂದೇ ಅಸೆಂಬ್ಲಿಯಲ್ಲಿ ಉಳಿದಿದ್ದರು. 1995ರ ಜನವರಿಯಲ್ಲಿ ಅವರನ್ನು ಸದನದಿಂದ ಹೊರಹಾಕಿ ಬ್ರೌನ್ 40–39ರಿಂದ ಮತ್ತೆ ಸ್ಪೀಕರ್ ಆದರು. ಜೂನ್‌ನಲ್ಲಿ ತಾವಾಗಿ ಇಳಿದಾಗಲೂ ರಿಪಬ್ಲಿಕನ್ನರ ಆಯ್ಕೆಗೆ ದಾರಿ ಬಿಡಲಿಲ್ಲ: ಡೆಮಾಕ್ರಟರ 39 ಮತಗಳಿಗೆ ಡೋರಿಸ್ ಅಲೆನ್ ಎಂಬ ರಿಪಬ್ಲಿಕನ್ ಸದಸ್ಯೆಯ ಒಂದು ಮತವನ್ನು ಕೂಡಿಸಿ ಆಕೆಯನ್ನೇ ಕೂರಿಸಿದರು. ಕ್ಯಾಲಿಫೋರ್ನಿಯಾ ಅಸೆಂಬ್ಲಿಯ ಮೊದಲ ಮಹಿಳಾ ಸ್ಪೀಕರ್ ಆಕೆ. ಇದರ ಬೆಲೆ ತೆತ್ತವರು ಬ್ರೌನ್ ಅಲ್ಲ. ಹಾರ್ಚರ್ ಮತ್ತು ಅಲೆನ್ ಇಬ್ಬರನ್ನೂ ಅವರ ಕ್ಷೇತ್ರದ ಮತದಾರರು ಅದೇ ವರ್ಷ ಹಿಂದಕ್ಕೆ ಕರೆಸಿಕೊಂಡರು. ಬ್ರೌನ್ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೇಯರ್ ಆಗಿ ಗೆದ್ದು, 1996ರಿಂದ ಎಂಟು ವರ್ಷ ಆ ನಗರವನ್ನು ಆಳಿದರು.

ಅವರು ಹೋದ ಮೇಲೆ ಬದಲಾದದ್ದು ಸ್ಪೀಕರ್ ಸ್ಥಾನದ ಸ್ವರೂಪ. 1996ರಿಂದ 2016ರವರೆಗೆ ಅಸೆಂಬ್ಲಿ ಒಂಬತ್ತು ಸ್ಪೀಕರ್‌ಗಳನ್ನು ಕಂಡಿತು. ಆರು ವರ್ಷದಲ್ಲಿ ಮನೆಗೆ ಹೋಗಬೇಕಾದವನು ಕೆಲಸ ಕಲಿಯುವಷ್ಟರಲ್ಲಿ ಸ್ಪೀಕರ್ ಆಗಬೇಕಿತ್ತು, ಆದ ಕೂಡಲೇ ಉತ್ತರಾಧಿಕಾರಿಯ ಮಾತು ಶುರುವಾಗುತ್ತಿತ್ತು. ರಾಜಕೀಯವನ್ನು ವೃತ್ತಿಯಾಗಿಸಿಕೊಂಡವರನ್ನು ಓಡಿಸಬೇಕೆಂಬ ಉದ್ದೇಶವೂ ಪೂರ್ತಿ ಈಡೇರಲಿಲ್ಲ. ಶಾಸಕರು ವೃತ್ತಿ ಬಿಡಲಿಲ್ಲ, ಕುರ್ಚಿ ಬದಲಿಸಿದರು. ಆಂಟೋನಿಯೊ ವಿಲರೈಗೋಸಾ, ಕ್ಯಾರೆನ್ ಬ್ಯಾಸ್ ಇಬ್ಬರೂ ಸ್ಪೀಕರ್ ಆಗಿದ್ದು ಮುಂದೆ ಲಾಸ್ ಏಂಜಲೀಸ್‌ನ ಮೇಯರ್ ಆದರು. ಕ್ರೂಸ್ ಬುಸ್ತಮಾಂಟೆ ಲೆಫ್ಟಿನೆಂಟ್ ಗವರ್ನರ್ ಆದರು. ಇಂಥದೇ ಮಿತಿಯಿದ್ದ ಮಿಷಿಗನ್ ರಾಜ್ಯದಲ್ಲಿ ನಮಗೆ ಪರಿಚಿತವಾದ ಹೆಸರೊಂದಿದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2020ರಲ್ಲಿ ಡೆಟ್ರಾಯಿಟ್‌ನಿಂದ ಅಲ್ಲಿನ ಕೆಳಮನೆಗೆ ಆಯ್ಕೆಯಾಗಿ, ಒಂದೇ ಅವಧಿಯ ನಂತರ 2022ರಲ್ಲಿ ವಾಷಿಂಗ್ಟನ್ನಿನ ಕಾಂಗ್ರೆಸ್‌ಗೆ ಗೆದ್ದುಹೋದರು. ಬ್ರೌನ್‌ಗೆ ಮೂವತ್ತು ವರ್ಷದ ಮನೆಯಾಗಿದ್ದದ್ದು ಹೊಸ ಪೀಳಿಗೆಗೆ ದಾಟಿಹೋಗುವ ಹಜಾರವಾಗಿದೆ. ಮಿತಿಯಿಂದ ಹೊಸಬರಿಗೆ, ಅದರಲ್ಲೂ ಮಹಿಳೆಯರು ಮತ್ತು ಲ್ಯಾಟಿನೋ ಸಮುದಾಯದವರಿಗೆ, ಸ್ಥಾನಗಳು ಬೇಗ ತೆರವಾದದ್ದು ನಿಜ. ಆದರೆ ಆಯವ್ಯಯದ ಒಳಹೊರಗು ಬಲ್ಲ ಶಾಸಕರು ಕಡಿಮೆಯಾದಂತೆ, ಬದಲಾಗದೆ ಉಳಿಯುವ ಅಧಿಕಾರಿಗಳ ಮತ್ತು ಲಾಬಿಗಾರರ ತಿಳಿವಳಿಕೆಗೆ ತೂಕ ಹೆಚ್ಚಿತು. ಅನ್ರು ಯಾವುದನ್ನು ತಪ್ಪಿಸಲು ಹೊರಟಿದ್ದರೋ ಅದೇ ಹಿಂದಿರುಗಿತು ಎನ್ನುವವರ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಎಣಿಕೆ.

2012ರಲ್ಲಿ ಮತದಾರರು ಪ್ರಸ್ತಾವ 28ನ್ನು ಒಪ್ಪಿ ಮಿತಿಯನ್ನು ತಿದ್ದಿದರು: ಎರಡೂ ಸದನ ಸೇರಿ ಒಟ್ಟು ಹನ್ನೆರಡು ವರ್ಷ, ಅಷ್ಟನ್ನೂ ಒಂದೇ ಸದನದಲ್ಲಿ ಕಳೆಯಬಹುದು. ಆ ವರ್ಷವೇ ಆಯ್ಕೆಯಾದ ಆಂಟನಿ ರೆಂಡನ್ 2016ರಲ್ಲಿ ಸ್ಪೀಕರ್ ಆಗಿ ಏಳು ವರ್ಷಕ್ಕೂ ಹೆಚ್ಚು ಕಾಲ ಮುಂದುವರಿದರು. ಬ್ರೌನ್ ನಂತರ ಅಷ್ಟು ಕಾಲ ಉಳಿದವರು ಯಾರೂ ಇರಲಿಲ್ಲ. ಅವರನ್ನು ಇಳಿಸಲು 2022ರಲ್ಲಿ ರಾಬರ್ಟ್ ರಿವಾಸ್ ಮತಗಳನ್ನು ಕೂಡಿಸಿದಾಗ ಇಬ್ಬರೂ ರಿಪಬ್ಲಿಕನ್ನರ ಮೊರೆಹೋಗಬೇಕಾಗಲಿಲ್ಲ. ಡೆಮಾಕ್ರಟರ ಸಂಖ್ಯೆಯೇ ಅಷ್ಟು ದೊಡ್ಡದಾಗಿತ್ತು. ತಿಂಗಳುಗಳ ಎಳೆದಾಟದ ನಂತರ ನವೆಂಬರ್‌ನಲ್ಲಿ ಪಕ್ಷದೊಳಗೇ ರಾಜಿಯಾಗಿ, ಅಧಿಕಾರ ಹಸ್ತಾಂತರದ ದಿನವನ್ನು ಮುಂಗಡವಾಗಿ ಗೊತ್ತುಮಾಡಲಾಯಿತು. 2023ರ ಜೂನ್ 30ರಂದು ರಿವಾಸ್ ಅಧಿಕಾರ ವಹಿಸಿಕೊಂಡರು. 2018ರಲ್ಲಿ ಮೊದಲ ಬಾರಿಗೆ ಆಯ್ಕೆಯಾದ ಅವರ ಹನ್ನೆರಡು ವರ್ಷದ ಮಿತಿ 2030ಕ್ಕೆ ಮುಗಿಯುತ್ತದೆ.